ಎತ್ತರ ಮಾಡಿಸಿದ ಗಾಡಿ

ಗೋವೆಯ ಬಾಯ್ನಾದ ಸಮುದ್ರದಂಡೆಯ ಮನೆಗಳನ್ನು ಸರಕಾರದವರು ಕೆಡವಿದ ಮೇಲೆ ನಾವು ಚಿಂಬಲ್‌ಗೆ ಬಂದೆವು. ನಮ್ಮ ಮನೆಯವರು ಬಂದರಿನ ಹಮಾಲಿ ಬಿಟ್ಟು, ಹಳೆಯದೊಂದು ಪಿಕಪ್ ಗಾಡಿ ಕೊಂಡು ತಾವೇ ಓಡಿಸತೊಡಗಿದ್ದು ಆಗಲೇ. ಫರ್ಶಿ, ಸಿಮೆಂಟು, ಸೆಂಟ್ರಿಂಗ್ ಹಲಗೆ, ಹೀಗೆ ಕಟ್ಟಡದ ಕೆಲಸಕ್ಕೆ ಬೇಕಾದದ್ದನ್ನೆಲ್ಲ ಹೇರುತ್ತಿದ್ದರು. ನಾನು ಓಣಿಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ ರವಿಕೆ ಹೊಲಿಯುತ್ತಿದ್ದೆ.

ಇನ್ನೊಂದು ಕೆಲಸ ನಾವು ಹುಡುಕದೆಯೇ ನಮ್ಮ ಪಾಲಿಗೆ ಬಂತು. ನಮ್ಮ ಕಡೆಯ ಗೌಂಡಿಯೊಬ್ಬ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಅವನ ಊರು ವಿಜಾಪುರದ ಆಚೆ. ಅಷ್ಟು ದೂರ ಹೆಣ ಒಯ್ಯಲು ಯಾವ ಗಾಡಿಯವರೂ ಒಪ್ಪಲಿಲ್ಲ. ಹೆಣ ಹೇರಿದ ಗಾಡಿಗೆ ಆಮೇಲೆ ಬಾಡಿಗೆ ಹತ್ತುವುದಿಲ್ಲ ಎಂಬ ಮಾತಿತ್ತು. ಸತ್ತವನ ಅಣ್ಣ ನಮ್ಮ ಬಾಗಿಲಿಗೆ ಬಂದು, ಏನೂ ಕೇಳದೆ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತ. ನಮ್ಮ ಮನೆಯವರು ಒಳಗೆ ಹೋಗಿ ಗಾಡಿಯ ಕೀಲಿ ತಂದರು.

ಅಲ್ಲಿಂದ ಮುಂದೆ ನಮ್ಮ ಸೀಮೆಯ ಯಾರು ತೀರಿಕೊಂಡರೂ ಜನ ನಮ್ಮಲ್ಲಿಗೇ ಬರುತ್ತಿದ್ದರು. ಸತ್ತವನ ಹೆಂಡತಿ ಗಂಡಸರ ನಡುವೆ ಒಬ್ಬಳೇ ಆಗುತ್ತಾಳೆಂದರೆ ನಾನೂ ಹೊರಡುತ್ತಿದ್ದೆ. ಗಾಡಿಯ ಹಿಂದೆ ಒಂದು ಸೆಂಟ್ರಿಂಗ್ ಹಲಗೆ, ಅದರ ಮೇಲೆ ಬಿಳಿ ಬಟ್ಟೆ ಸುತ್ತಿದ ದೇಹ, ಅದು ಕೆಡದಂತೆ ಎರಡೂ ಬದಿಗೆ ಮೀನಿನ ಧಕ್ಕೆಯಿಂದ ತಂದ ಬರ್ಫಿನ ಚೀಲಗಳು, ಮೇಲೆ ತಾಡಪಾಲು. ನಾವು ಹೆಂಗಸರು ಬದಿಯ ತಗಡಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಬೆಳಿಗ್ಗೆ ಹೊರಟರೆ ಚೋರ್ಲಾ ಘಾಟಿ ಹತ್ತಿ, ಬೆಳಗಾವಿ ದಾಟಿ, ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟುತ್ತಿದ್ದೆವು.

ಒಂದು ಮಳೆಗಾಲದಲ್ಲಿ, ಊರು ಕಣ್ಣಿಗೆ ಕಾಣುತ್ತಿರುವಾಗ, ಗಾಡಿಯ ಹೊಟ್ಟೆ ಹಳ್ಳದ ಬಂಡೆಯ ಮೇಲೆ ಕುಳಿತುಬಿಟ್ಟಿತು. ಹಿಂದೆಯೂ ಸರಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಊರಿನವರು ಬಂದು ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಕೆಸರಿನಲ್ಲಿ ನಡೆದರು. ಒಬ್ಬ ಕಾಲು ಜಾರಿದಾಗ ಹಲಗೆ ಓರೆಯಾಯಿತು. ಸತ್ತವನ ತಂದೆ ಓಡಿಹೋಗಿ ಮಗನ ಕಾಲು ಹಿಡಿದುಕೊಂಡದ್ದನ್ನು ನಾವಿಬ್ಬರೂ ದೂರದಿಂದ ನೋಡಿದೆವು.

ಊರವರು ಎತ್ತು ಹೂಡಿ ಗಾಡಿಯನ್ನು ಬಂಡೆಯಿಂದ ಎಳೆದುಕೊಟ್ಟ ಮೇಲೆ ನಾವು ತಿರುಗಿ ಹೊರಟೆವು. ಘಾಟಿ ಇಳಿಯುವಾಗ ನಮ್ಮ ಮನೆಯವರು, “ಮನಿ ಬಾಗಲ ತನಾ ಒಯ್ಯಾಕ ಆಗಲಿಲ್ಲ ನೋಡು,” ಅಂದರು. “ಗಾಡಿ ಎತ್ತರ ಮಾಡಸಬೇಕು.”

ಕೊರ್ಲಿಮ್‌ನ ಕಾರ್ಖಾನೆಗಳ ಹತ್ತಿರ ಒಂದು ಗ್ಯಾರೇಜು ಇತ್ತು. ಅದರ ಮೇಸ್ತ್ರಿ ಗೋವೆಯವರೇ, ವಯಸ್ಸಾದವರು. ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಗಾಲಿಗಳ ಮೇಲೆ ಗಾಡಿಯ ಭಾರ ಹೊರುವ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದಕ್ಕೆ ಪಾಟಾ ಎನ್ನುತ್ತಾರೆ. ಮೇಸ್ತ್ರಿ ಪ್ರತಿ ಕಟ್ಟಿಗೂ ಹೊಸ ಪಟ್ಟಿಗಳನ್ನು ಸೇರಿಸಿದರು, ಕೆಳಗೆ ಕಬ್ಬಿಣದ ದಿಮ್ಮಿ ಕೊಟ್ಟರು. ಗಾಡಿ ಅರ್ಧ ಗೇಣು ಮೇಲೆದ್ದಿತು. ಓಣಿಯವರು ಬಂದು ನೋಡಿ ಹೋದರು. ಇನ್ನು ಯಾವ ಹಳ್ಳವೂ ಅಡ್ಡ ಬರುವುದಿಲ್ಲ ಎಂದುಕೊಂಡೆವು. ಓಡಿಸಿದರೆ ಸ್ವಲ್ಪ ಬಿಗಿ ಅನ್ನಿಸುತ್ತಿತ್ತು. ಹೊಸ ಪಟ್ಟಿ, ಭಾರ ಬಿದ್ದ ಮೇಲೆ ಪಳಗುತ್ತದೆ ಎಂದು ಮೇಸ್ತ್ರಿ ಹೇಳಿದ್ದರು.

ಅದಾದ ಮೇಲೆ ಮೊದಲು ಒಯ್ದದ್ದು ಬಾಗಲಕೋಟೆ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದವನನ್ನು. ಜ್ವರ ಬಂದು ಹೋದವನು. ಹೆಂಡತಿ ಚಿಕ್ಕ ಪ್ರಾಯದವಳು, ಅವಳೂ ಅದೇ ಕಟ್ಟಡದಲ್ಲಿ ಪುಟ್ಟಿ ಹೊರುತ್ತಿದ್ದಳು. ಅವನ ತಲೆಯ ಕಡೆ ಅವಳು ಕುಳಿತಳು. ನಾನು ಎದುರಿಗೆ.

ಚಿಂಬಲ್ ಬಿಡುವ ಮೊದಲೇ ನನಗೆ ತಿಳಿಯಿತು. ಮೊದಲೆಲ್ಲ ಗುಂಡಿ ಬಂದರೆ ಗಾಡಿ ತೂಗುತ್ತಿತ್ತು. ಈಗ ಒದೆಯುತ್ತಿತ್ತು. ಘಾಟಿಯ ಕಿತ್ತುಹೋದ ರಸ್ತೆಯಲ್ಲಿ ಬರ್ಫಿನ ಚೀಲಗಳು ಜಿಗಿದು ಜಾಗ ಬಿಟ್ಟವು. ತಲೆಯ ಕೆಳಗೆ ಮಡಚಿಟ್ಟಿದ್ದ ಸೀರೆ ಸರಿಯಿತು. ಮುಂದಿನ ಗುಂಡಿಗೆ ಅವನ ತಲೆ ಹಲಗೆಯಿಂದ ಎದ್ದು ಬಿತ್ತು. ಆ ಸಪ್ಪಳ ಕೇಳಿ ಅವಳು ನನ್ನ ಮುಖ ನೋಡಿದಳು. ನಾನು ಸೀರೆ ಸರಿಪಡಿಸಿದೆ. ಅದು ಮತ್ತೆ ಸರಿಯಿತು. ಆಗ ಅವಳು ತನ್ನ ಅಂಗೈಯನ್ನೇ ತಲೆಯ ಕೆಳಗೆ ಕೊಟ್ಟಳು.

“ಅಕ್ಕಾ, ಸಾವಕಾಶ ಹೊಡೀರಿ ಅಂತ ಹೇಳ್ರಿ ನಿಮ್ಮ ಮನಿಯವರಿಗೆ,” ಅಂದಳು. “ಅವರಿಗೆ ಪೆಟ್ಟು ಹತ್ತಾಕತ್ತೇತಿ.”

ನಾನು ಗಾಜು ಬಡಿದು ಹೇಳಿದೆ. ನಮ್ಮ ಮನೆಯವರು ಆಗಲೇ ನಿಧಾನ ಹೋಗುತ್ತಿದ್ದರು, ಇನ್ನೂ ನಿಧಾನ ಮಾಡಿದರು. ಆದರೂ ಪೆಟ್ಟು ನಿಲ್ಲಲಿಲ್ಲ. ನನ್ನ ಕೈ ಕೊಡುತ್ತೇನೆಂದರೆ ಅವಳು ಬೇಡವೆಂದಳು. ಬೆಳಗಾವಿಯಲ್ಲಿ ಚಹಾಕ್ಕೆ ನಿಂತಾಗಲೂ ಕೈ ತೆಗೆಯಲಿಲ್ಲ. ಊರು ಮುಟ್ಟಿ ದೇಹವನ್ನು ಮನೆಯ ಬಾಗಿಲಲ್ಲೇ ಇಳಿಸಿದೆವು. ಆ ಊರಿನ ಹಳ್ಳ ದಾಟುವುದು ನಿಜಕ್ಕೂ ಕಷ್ಟವಾಗಲಿಲ್ಲ. ಅವಳು ಕೆಳಗಿಳಿಯಲು ಕೈ ಚಾಚಿದಾಗ ನಮ್ಮ ಮನೆಯವರು ಹಿಡಿದುಕೊಂಡರು. ಬೆರಳುಗಳ ಹಿಂಭಾಗ ಕಪ್ಪಗೆ ಬಾತುಕೊಂಡಿತ್ತು. ಅವರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು.

ಚಿಂಬಲ್‌ಗೆ ಮರಳಿದ ಮೇಲೆ ಅವರು ಫರ್ಶಿಯ ಬಾಡಿಗೆಯನ್ನೂ ಒಪ್ಪಲಿಲ್ಲ. ಒಂದು ಗಾದಿ ಹಾಸಿದರೆ ಸಾಕಲ್ಲವೇ ಎಂದು ನಾನು ಕೇಳಿದೆ.

“ಗಾದಿ ಹಾಕಿದ್ರ ಸಪ್ಪಳ ಮುಚ್ಚತೈತಿ. ಹೊಡತ ಹೋಗಂಗಿಲ್ಲ,” ಅಂದರು.

ಮೊದಲು ಟಯರಿನ ಗಾಳಿ ನೋಡಿದರು. ಸಿಮೆಂಟಿನ ಭಾರಕ್ಕೆಂದು ತುಂಬಿಸಿದ್ದ ಗಾಳಿ, ಇಷ್ಟು ಹಗುರ ಹೇರಿಗೆ ಹೆಚ್ಚೇ ಆಗಿತ್ತು. ಕಡಿಮೆ ಮಾಡಿದರು. ಉಸುಕಿನ ಚೀಲಗಳನ್ನು ಹಲಗೆಯ ಮೇಲೆ ಮನುಷ್ಯನಷ್ಟು ಉದ್ದಕ್ಕೆ ಜೋಡಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹಳೇ ಗೋವಾ ಕಡೆ ಹೋಗಿ ಬಂದರು. ಸಣ್ಣ ನಡುಕ ಹೋಗಿತ್ತು, ದೊಡ್ಡ ಪೆಟ್ಟು ಹಾಗೇ ಇತ್ತು. ಮತ್ತೆ ಗ್ಯಾರೇಜಿಗೆ ಹೋದೆವು. ಎತ್ತರ ಮಾಡಿದ ಮೇಲೆ ಇಷ್ಟು ಇರುವುದೇ, ಕಾರು ಬೇಕಿದ್ದರೆ ಕಾರು ತಗೊಳ್ಳಬೇಕಿತ್ತು ಎಂದು ಮೇಸ್ತ್ರಿ ಮುಖ ಗಂಟಿಕ್ಕಿದರು. ಆದರೂ ಸೇರಿಸಿದ ಪಟ್ಟಿಗಳಲ್ಲಿ ಒಂದೊಂದನ್ನು ತೆಗೆದುಕೊಟ್ಟರು. ಗಾಡಿ ತುಸು ಮೆತ್ತಗಾಯಿತು. ಆ ‘ಠಕ್’ ಎನ್ನುವ ಪೆಟ್ಟು ಮಾತ್ರ ಹೋಗಲಿಲ್ಲ. ನಾನು ಕುಳಿತಲ್ಲಿಂದ ಅದು ಎಲ್ಲಿಂದ ಬರುತ್ತದೆಂದು ಹೇಳಲು ಆಗುತ್ತಿರಲಿಲ್ಲ. ಕೂತವರಿಗೆ ಸೊಂಟ ಬಾಗುತ್ತದೆ, ಕಾಲು ಊರಿರುತ್ತದೆ. ಅರ್ಧ ಪೆಟ್ಟನ್ನು ಮೈಯೇ ನುಂಗಿಬಿಡುತ್ತದೆ.

ಮೂರನೆಯ ಸಲ ಹೋದಾಗ ಮೇಸ್ತ್ರಿ ಸಿಟ್ಟಿನಿಂದಲೇ ಕೇಳಿದರು, “ಹಿಂದೆ ಅಂಥದ್ದು ಏನು ಹೇರುತ್ತೀರಪ್ಪಾ? ಗಾಜೇ?”

ನಮ್ಮ ಮನೆಯವರು ಹೇಳಿದರು. ಯಾರನ್ನು, ಎಲ್ಲಿಗೆ, ಆ ಹುಡುಗಿಯ ಕೈಗೆ ಏನಾಯಿತು, ಎಲ್ಲವನ್ನೂ. ಮೇಸ್ತ್ರಿ ಕೈಯಲ್ಲಿನ ಗ್ರೀಸು ಒರೆಸಿಕೊಂಡರು. ಆಮೇಲೆ ಕೀಲಿ ಕೊಡಿ, ನಾನು ಓಡಿಸುತ್ತೇನೆ ಅಂದರು.

ನಮ್ಮ ಮನೆಯವರು ಹಿಂದೆ ಹತ್ತಿ ಉಸುಕಿನ ಚೀಲ ಸರಿಸಿದರು. ಹಲಗೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡರು.

“ರೀ, ಅಲ್ಲಿ ಮಲಗಬ್ಯಾಡ್ರಿ.”

“ಇಲ್ಲಿ ಮಲಗಿದವರು ಯಾರೂ ಹೇಳಾಕ ಬರಂಗಿಲ್ಲ,” ಅಂದರು, ಕಣ್ಣು ಮುಚ್ಚಿಕೊಂಡೇ. “ನಾ ಆದ್ರ ಹೇಳಬಹುದು. ನೀ ಕೂಡು.”

ನಾನು ಅವರ ತಲೆಯ ಕಡೆ ಕುಳಿತೆ. ಆ ಹುಡುಗಿ ಕುಳಿತಿದ್ದ ಜಾಗದಲ್ಲೇ. ಗಾಡಿ ಕಾರ್ಖಾನೆಗಳ ರಸ್ತೆಯ ಉಬ್ಬುಗಳನ್ನು ಒಂದೊಂದಾಗಿ ಹತ್ತಿ ಇಳಿಯಿತು. ಪ್ರತಿ ಸಲವೂ ಅವರ ತಲೆ ಎದ್ದು ಹಲಗೆಗೆ ಬಡಿಯಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವರು ಕಣ್ಣು ತೆರೆಯದೆ, “ತಗಿ,” ಅಂದರು. ತೆಗೆದೆ. ಅವರ ಮುಖ ಬೆವರಿತ್ತು, ತುಟಿ ಬಿಗಿದಿತ್ತು. ಜೀವ ಇರುವ ಮುಖ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕುಳಿತೆ.

ಗಾಡಿ ನಿಂತ ಮೇಲೆ ಎದ್ದು ತಲೆಯ ಹಿಂಭಾಗ ಸವರಿಕೊಂಡರು. ಮೇಸ್ತ್ರಿಗೆ ಹಿಂದಿಯಲ್ಲಿ ಹೇಳಿದ್ದನ್ನೇ ನನಗೂ ಹೇಳಿದರು: “ಗಾಲಿ ಉಬ್ಬು ಹತ್ತೂವಾಗ ಅಲ್ಲ ಹೊಡ್ಯಾದು. ಇಳಿಯೂವಾಗ. ಗಾಲಿ ಕೆಳಗ ಹೋಗಾಕ ನೋಡತೈತಿ, ಯಾರೋ ಜಗ್ಗಿ ಹಿಡದಂಗ ಆಗತೈತಿ.”

ಮೇಸ್ತ್ರಿ ಗಾಡಿಯ ಕೆಳಗೆ ನುಸುಳಿದರು. ಕುಲುಕನ್ನು ತಡೆಯುವ ಶಾಕಪ್ಪುಗಳು ಹಳೆಯವೇ ಇದ್ದವು. ಗಾಡಿಯನ್ನು ಮೇಲೆತ್ತಿದ್ದರಿಂದ ಅವು ನಿಂತಲ್ಲೇ ಕೊನೆಯ ತನಕ ಚಾಚಿಕೊಂಡಿದ್ದವು. ಗಾಲಿ ಗುಂಡಿಗೆ ಇಳಿಯಬೇಕೆಂದರೆ ಚಾಚಲು ಅವುಗಳಲ್ಲಿ ಜಾಗವೇ ಉಳಿದಿರಲಿಲ್ಲ. ಅಲ್ಲೇ ತಡೆದು ಠಕ್ ಎಂದು ಜಗ್ಗುತ್ತಿದ್ದವು. ಇನ್ನೊಂದು ತಪ್ಪನ್ನೂ ಮೇಸ್ತ್ರಿ ತಾವಾಗಿಯೇ ಹೇಳಿದರು. ಪಾಟಾದ ತುದಿಯ ರಬ್ಬರ್ ಬುಷ್ಷುಗಳನ್ನು ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗಲೇ ಬಿಗಿದುಬಿಟ್ಟಿದ್ದರಂತೆ. ಗಾಲಿ ನೆಲಕ್ಕೆ ಊರಿದ ಮೇಲೆ ರಬ್ಬರು ತಿರುಚಿಕೊಂಡೇ ನಿಂತಿತ್ತು.

ಉದ್ದದ ಶಾಕಪ್ಪು ಗೋವೆಯಲ್ಲಿ ಸಿಗಲಿಲ್ಲ. ಬೆಳಗಾವಿಯಿಂದ ಬಸ್ಸಿನಲ್ಲಿ ತರಿಸಿದೆವು. ಅವು ಬರುವ ತನಕ ಯಾರೂ ಸಾಯದಿರಲಿ ಎಂದು ನಾನು ಬೆಳಿಗ್ಗೆ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ. ಮೇಸ್ತ್ರಿ ಅವನ್ನು ಕೂರಿಸಿದರು, ಬುಷ್ಷಿನ ಬೋಲ್ಟು ಸಡಿಲ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ, ನಾವು ಮೂವರೂ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದ ಮೇಲೆ ಬಿಗಿದರು. ಆಮೇಲೆ ತಾವೇ ಹಿಂದೆ ಹತ್ತಿ ಹಲಗೆಯ ಮೇಲೆ ಮಲಗಿಕೊಂಡರು. ನಮ್ಮ ಮನೆಯವರು ಓಡಿಸಿದರು. ಇಳಿದು ಬಂದಾಗ ಮೇಸ್ತ್ರಿ, ಪೂರ್ತಿ ಹೋಗಿಲ್ಲ, ಮೊದಲಿನಂತೆ ಆಗುವುದೂ ಇಲ್ಲ, ಆದರೆ ಇದನ್ನು ತಡೆದುಕೊಳ್ಳಬಹುದು ಅಂದರು. ಅದು ನಿಜವೇ ಆಗಿತ್ತು.

ಆ ಚಳಿಗಾಲದಲ್ಲಿ ಇಂಡಿ ಕಡೆಯ ಊರಿಗೆ ಹೋಗಬೇಕಾಯಿತು. ಕಾರ್ಖಾನೆಯೊಂದರಲ್ಲಿ ಭಾರ ಎತ್ತುತ್ತಿದ್ದ ನಡುವಯಸ್ಸಿನ ಮನುಷ್ಯ. ಜೊತೆಗೆ ಅವನ ತಂಗಿ ಒಬ್ಬಳೇ. ಎರಡು ದಿನದಿಂದ ದವಾಖಾನೆಯ ವರಾಂಡದಲ್ಲಿ ಕೂತಿದ್ದವಳು. ಘಾಟಿಯಲ್ಲಿ ನಾನು ಆ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದೆ. ಗಾಡಿ ಓಲಾಡಿತು, ಬರ್ಫು ಚೀಲದೊಳಗೆ ಕರಕರ ಅಂದಿತು, ತಲೆ ಮಾತ್ರ ಇಟ್ಟಲ್ಲೇ ಇತ್ತು. ಬೆಳಗಾವಿ ದಾಟಿದ ಮೇಲೆ ತಿರುಗಿ ನೋಡಿದರೆ, ಆ ತಂಗಿ ತಗಡಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಊರ ಅಗಸಿಬಾಗಿಲು ಬಂದಾಗ ಎಬ್ಬಿಸಿದೆ. ಅವಳು ಗಾಬರಿಯಾಗಿ ಸೆರಗು ಸರಿ ಮಾಡಿಕೊಂಡಳು.

“ಅಣ್ಣನ್ನ ಮುಂದಿಟ್ಕೊಂಡು ಮಲಗಿದ್ನೇನ್ರಿ ನಾ?” ಅಂದಳು.

“ಮಲಗಿದ್ದು ಚಲೋ ಆತವ್ವಾ. ಇನ್ನ ಅಳಾಕ ಶಕ್ತಿ ಬೇಕು,” ಅಂದೆ.

ಜನ ಬಂದು ದೇಹವನ್ನು ಬಾಗಿಲಲ್ಲಿ ಇಳಿಸಿಕೊಂಡರು. ಅಳು ಶುರುವಾಯಿತು. ನಾನು ಅವಳ ಜೊತೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೊರಗೆ ಬಂದೆ. ನಮ್ಮ ಮನೆಯವರು ಗಾಡಿಯ ಕೆಳಗೆ ಬ್ಯಾಟರಿ ಹಿಡಿದು ಮಲಗಿದ್ದರು. ಹೊಸ ಬೋಲ್ಟುಗಳು ಮೊದಲ ದೂರದ ದಾರಿ ಮುಗಿಸಿದ ಮೇಲೆ ಸಡಿಲಾಗುತ್ತವೆ, ನೋಡಿ ಬಿಗಿಯಬೇಕು ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ನಾನು ಬೋಲ್ಟು ಬಿಗಿಯುವ ಪಾನಾ ಎತ್ತಿ ಕೊಟ್ಟೆ.