ದೊಡ್ಡವ್ವನ ಮನಸ್ಸು ಅಳೆದದ್ದು

ಕಳೆದ ವಾರ ಯಳಂದೂರಿನಿಂದ ಬಂದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಎಲ್ಲಿಂದಲೋ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನೊಬ್ಬಳೇ ಪೆದ್ದಿಯಂತೆ ನಿಂತು ಅದನ್ನು ಎಳೆದುಕೊಂಡೆ. ಅದು ಪಕ್ಕದ ಮನೆಯ ದೊಡ್ಡವ್ವನ ಸೆರಗಿನ ವಾಸನೆ...

ಹತ್ತಾರು ವರ್ಷದ ಹಿಂದಿನ ಮಾತು. ಓದಿನ ಭಾಗವಾಗಿ ಒಂದು ಅಧ್ಯಯನಕ್ಕೆಂದು ಈ ಊರಿಗೆ ಬಂದು ಬಾಡಿಗೆ ಕೋಣೆಯೊಂದರಲ್ಲಿದ್ದೆ. ಪಕ್ಕದ ಮನೆಯ ದೊಡ್ಡವ್ವ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಬಿಸಿನೀರಿನಲ್ಲಿ ಗೂಡು ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ಬಿಳಿಚಿಕೊಂಡಿರುತ್ತಿದ್ದವು. ನನ್ನ ಕೆಲಸವೋ, ತಮ್ಮ ಭಾವನೆ ಯಾವುದೆಂದು ಗುರುತಿಸಿ ಹೇಳುವುದು ಜನರಿಗೆ ಎಷ್ಟು ಕಷ್ಟ ಎಂದು ಅಳೆಯುವುದು. ‘ಒಳಗೆ ಆಗುತ್ತಿರುವುದಕ್ಕೆ ಏನು ಹೇಳಬೇಕೋ ನನಗೆ ಹೊಳೆಯುವುದಿಲ್ಲ’ ಎಂಬಂಥ ವಾಕ್ಯಗಳನ್ನು ಓದಿ, ಅದು ಎಷ್ಟು ನಿಜವೆಂದು ಒಂದರಿಂದ ಐದರೊಳಗೆ ಹೇಳಿಸಬೇಕು. ಜನ ಅಂಕಿ ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದರು. ಹೊಟ್ಟೆ ತೊಳಸುತ್ತದೆ, ಎದೆ ಹಿಡಿದಂತಾಗುತ್ತದೆ, ಒಂಥರಾ ಆಗುತ್ತದೆ... ನನ್ನ ಲೆಕ್ಕದಲ್ಲಿ ಇಡೀ ಬೀದಿಗೇ ತನ್ನ ಮನಸ್ಸು ತನಗೆ ಗೊತ್ತಿರಲಿಲ್ಲ. ಬೀದಿ ಸರಿಯಿಲ್ಲವೋ, ನನ್ನ ಅಳತೆ ಸರಿಯಿಲ್ಲವೋ ಎಂಬ ಗೊಂದಲ ನನಗೆ.

ಹೀಗಿರುವಾಗ ಒಂದು ಭಾನುವಾರ ಹನೂರಿನಿಂದ ದೊಡ್ಡವ್ವನ ಗಂಡನ ತಮ್ಮನ ಮಗ ಬಂದ. ಆ ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ಇವರನ್ನು ಬಿಟ್ಟು, ಹೂಗ್ಯಂ ಕಡೆ ಇನ್ನೊಂದು ಸಂಸಾರ ಹೂಡಿದ್ದವನು. ಆ ಹೆಂಡತಿ ತೀರಿಕೊಂಡು, ಅವನಿಗೆ ಲಕ್ವ ಹೊಡೆದು, ಈಗ ಹನೂರಿನಲ್ಲಿ ಈ ತಮ್ಮನ ಮಗನ ಮನೆಯ ಜಗುಲಿಯಲ್ಲಿ ಬಿದ್ದಿದ್ದ.

“ನಮ್ ಕೈಲಿ ಆಯ್ತಿಲ್ಲ ದೊಡ್ಡವ್ವ. ಕರ್ಕೊಂಡ್ ಓಯ್ತೀಯೋ ಇಲ್ವೋ ನಾಳೀಕೆ ಯೋಳ್ಬುಡು. ಇಲ್ಲ ಅಂದ್ರ ಯಾವ್ದಾರ ಆಶ್ರಮಕ್ಕೆ ಸೇರುಸ್ತೀವಿ” ಎಂದು ಕಾಫಿಯನ್ನೂ ಕುಡಿಯದೆ ಎದ್ದುಹೋದ.

ಅಂದು ಮಧ್ಯಾಹ್ನ ದೊಡ್ಡವ್ವ ನನ್ನ ಬಾಗಿಲಿಗೆ ಬಂದರು. “ನೀನು ಮನ್ಸು ಅಳೀತೀಯಂತಲ್ಲ ಕೂಸೇ, ನಂದೂ ಅಳ್ದು ಯೋಳು. ಸಿಟ್ಟೋ ಕನಿಕರವೋ ಗೊತ್ತಾದ್ರ ಒಂದ್ ತೀರ್ಮಾನ ಮಾಡ್ತೀನಿ.”

ಅಳೆದೆ. ಅವರು ಪರೀಕ್ಷೆಗೆ ಕೂತ ಮಗುವಿನಂತೆ ಯೋಚಿಸಿ ಯೋಚಿಸಿ ಅಂಕಿ ಕೊಟ್ಟರು. ಕೂಡಿ ನೋಡಿ, “ನಿಮ್ಮ ಮನಸ್ಸು ನಿಮಗೆ ಗೊತ್ತಾಗೋದು ಕಷ್ಟ ಅಂತ ಬಂದಿದೆ ದೊಡ್ಡವ್ವ” ಎಂದೆ.

“ಅದ್ನೇ ತಾನೆ ನಾ ಬಂದು ಯೋಳಿದ್ದು? ಇನ್ನೊಂದ್ ಕಾಗ್ದ ಇರ್ಬೇಕು, ನೋಡು” ಎಂದರು. ಚುಚ್ಚಿ ಆಡಿದ ಮಾತಲ್ಲ. ಎಷ್ಟು ಗೊತ್ತಿಲ್ಲ ಎಂದು ಅಳೆಯುವವರು ಏನು ಗೊತ್ತಿಲ್ಲ ಎಂಬುದನ್ನೂ ಹೇಳುತ್ತಾರೆಂದೇ ಅವರು ನಂಬಿದ್ದರು. ಅಂಥ ಕಾಗದ ಇಲ್ಲವೆಂದು ತಿಳಿದಾಗ ಅವರ ಮುಖ ಸಣ್ಣಗಾಯಿತು. ನನಗೆ ಅಳು ಬಂತು.

ಮರುದಿನ ಸೋಮವಾರ, ಅವರ ಜೊತೆ ಮಾದಪ್ಪನ ಗುಡಿಗೆ ಹೋದೆ. ಅಲ್ಲಿ ಹೂ ಕೇಳುವ ಪದ್ಧತಿಯಿದೆ. ದೇವರ ಎಡಬಲಕ್ಕೆ ಒಂದೊಂದು ಒದ್ದೆ ಹೂ ಅಂಟಿಸಿ ಕೇಳಿಕೊಂಡಾಗ, ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ದೊಡ್ಡವ್ವ ಕಣ್ಣು ಮುಚ್ಚಿ, “ಸಿಟ್ಟಾದ್ರ ಬಲಕ್ಕೆ ಕೊಡಪ್ಪ, ಕನಿಕರವಾದ್ರ ಎಡಕ್ಕೆ ಕೊಡು” ಎಂದುಬಿಟ್ಟರು.

ಪೂಜಾರಿ ಗದರಿದರು. “ಏನವ್ವ, ಅದಾ ಇದಾ ಅಂತ ಆರುಸ್ಕೊಳಕೆ ಇದೇನು ಬಟ್ಟೆ ಅಂಗಡಿಯಾ? ಕರ್ಕೊಂಡ್ ಬರ್ಲಾ ಬ್ಯಾಡ್ವಾ ಅಂತ ಒಂದೇ ಕೇಳು.”

ಅಷ್ಟರಲ್ಲಿ ಬಲಗಡೆಯ ಹೂ ಬಿತ್ತು. ಅದರ ಹಿಂದೆಯೇ ಎಡಗಡೆಯದೂ ಬಿತ್ತು. ಪೂಜಾರಿ ತಲೆ ಕೆರೆದುಕೊಂಡು, “ಇಂಗ್ಯಾವತ್ತೂ ಆಗಿರ್ನಿಲ್ಲ. ಇನ್ನೊಂದ್ಸಲ ಕೇಳವಾ?” ಎಂದರು. ದೊಡ್ಡವ್ವ ಎರಡೂ ಹೂ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು, “ಬ್ಯಾಡ ಬುಡಿ. ಎಲ್ಡೂ ಅದೆ ಅಂತಾವ್ನೆ” ಎಂದು ನೇರ ಹನೂರಿನ ಬಸ್ಸು ಹತ್ತಿದರು. ಸಂಜೆ ಆಟೋದಲ್ಲಿ ಗಂಡನನ್ನು ಕರೆತಂದರು.

ಆಮೇಲಿನದನ್ನು ನಾನು ಗೋಡೆಯಾಚೆಯಿಂದ ಕೇಳಿದೆ, ಬಾಗಿಲಿನಿಂದ ನೋಡಿದೆ. ಅವನಿಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡುತ್ತಿದ್ದರು. ಮುದ್ದೆಯನ್ನು ಮೆತ್ತಗೆ ಮುರಿದು ಬಾಯಿಗಿಡುತ್ತಿದ್ದರು. ತಟ್ಟೆಯನ್ನು ಮಾತ್ರ ನನ್ನ ಕೋಣೆಗೆ ಕೇಳುವ ಹಾಗೆ ನೆಲಕ್ಕೆ ಕುಕ್ಕುತ್ತಿದ್ದರು. ಒಂದು ದಿನಕ್ಕೂ ಅವನೊಂದಿಗೆ ಮಾತಾಡಲಿಲ್ಲ. ಇದನ್ನು ಯಾವ ಅಂಕಿಗೆ ಸೇರಿಸುವುದು? ನನಗಂತೂ ತಲೆಬುಡ ತಿಳಿಯಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಅವನು ಹೋದ. ಮಣ್ಣು ಮಾಡುವಾಗ ದೊಡ್ಡವ್ವ ಅಳಲಿಲ್ಲವೆಂದು ಬೀದಿಯ ಹೆಂಗಸರು ಆಡಿಕೊಂಡರು. ಹಾಲು ತುಪ್ಪ ಬಿಟ್ಟು ಬಂದ ದಿನ ದೊಡ್ಡವ್ವನೇ ನನ್ನ ಕೋಣೆಗೆ ಬಂದು ಕೂತರು.

“ಈಗ ಅಳ್ದು ನೋಡು ಕೂಸೇ.”

ನಾನು ಮೊದಲ ವಾಕ್ಯ ಓದಿದೆ. ಅವರು ಅಂಕಿ ಹೇಳಲಿಲ್ಲ. ಬೆರಳ ತುದಿಗಳನ್ನೇ ನೋಡುತ್ತ, “ಬೆಳಿಗ್ಗೆ ಎಲ್ಡ್ ತಟ್ಟೆ ಆಕ್ಬುಟ್ಟಿದ್ದೆ ಕಣವ್ವ. ಇನ್ ಯಾರ್ ಮುಂದ ಕುಕ್ಕನ ನಾನು?” ಎಂದರು. ಆಮೇಲೆ ಅತ್ತರು, ಬಹಳ ಹೊತ್ತು ಅತ್ತರು. ಮಧ್ಯೆ ಮಧ್ಯೆ ಅವನನ್ನು ಬೈದರು ಕೂಡ. ನಾನು ಉಳಿದದ್ದನ್ನು ಓದಲಿಲ್ಲ.

ಓದು ಮುಗಿದು ಊರು ಬಿಟ್ಟ ಮೇಲೆ ಮೊದಮೊದಲು ಫೋನು ಮಾಡುತ್ತಿದ್ದೆ. ಆಮೇಲೆ ಅದೂ ನಿಂತಿತು...

ಕಳೆದ ವಾರ ಬಸ್‌ಸ್ಟ್ಯಾಂಡಿನಿಂದ ಆ ಬೀದಿಗೇ ನಡೆದುಹೋದೆ. ಅವರ ಮನೆಯಲ್ಲಿ ಈಗ ಬೇರೆ ಬಾಡಿಗೆಯವರಿದ್ದಾರೆ. ದೊಡ್ಡವ್ವನನ್ನು ಕೇಳಿದ್ದಕ್ಕೆ ಬಾಗಿಲು ತೆರೆದ ಹೆಂಗಸು, “ಆವಮ್ಮ ಓದ್ವರ್ಸ ಶಿವರಾತ್ರಿ ಆದ್ಮೇಲೆ ತೀರ್ಕಂಡ್ರು. ನಿಮಗೆ ಯಾರೂ ಯೋಳ್ನಿಲ್ವ? ನೀವು ಅವರ್ಗೆ ಏನಾಗ್ಬೇಕು?” ಎಂದಳು.

ಯಾರೂ ತಿಳಿಸಲಿಲ್ಲವೆಂದು ಸಿಟ್ಟು ಬಂತು. ಯಾವ ನೆಂಟಸ್ತಿಕೆಯಿಂದ ತಿಳಿಸಬೇಕಿತ್ತು ಎಂದು ನಾಚಿಕೆಯೂ ಆಯಿತು. ಎದೆ ಹಿಡಿದಂತಾಗಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆ ಹೆಂಗಸು ಗಾಬರಿಯಾಗಿ ನೀರು ತಂದುಕೊಟ್ಟು, “ಏನಾಯ್ತಕ್ಕ?” ಎಂದು ಕೇಳುತ್ತಲೇ ಇದ್ದಳು. “ಒಂಥರಾ ಆಗ್ತಿದೆ” ಎಂದೆ.