ಮಗ್ಗದ ಮನೆಯ ಮಾಡರೇಟರ್

ಆದಿನಾರಾಯಣಪ್ಪನವರು ಮಾಡರೇಟರ್ ಆದ ಮೊದಲ ವಾರವೇ ತಮ್ಮ ಮಾನವನ್ನು ಇಮೇಲ್ ಮೂಲಕ ಊರಿಗೆಲ್ಲ ಹಂಚಿದರು.

ತೊಂಬತ್ತೊಂಬತ್ತನೇ ಇಸವಿ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ವಾಣಿ, ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಕಂಪ್ಯೂಟರ್ ತಂದಿಟ್ಟು, ಊರವರಿಗಾಗಿ ಒಂದು ಇಮೇಲ್ ಗುಂಪು ಕಟ್ಟಿದ್ದಳು. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುವ ಏರ್ಪಾಡು. ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ಗುಮಾಸ್ತರು, ಬೆಂಗಳೂರು ಚಿಕ್ಕಪೇಟೆಯ ಸೀರೆ ವ್ಯಾಪಾರಿಗಳು, ಧರ್ಮಾವರಕ್ಕೆ ಸೊಸೆಯರಾಗಿ ಹೋದವರು ಎಲ್ಲರೂ ಸೇರಿದರು, ನಾನೂ ಸೇರಿದೆ. ಮೊದಮೊದಲು ನಾಮಕರಣ, ನಿಶ್ಚಿತಾರ್ಥ, ನಲ್ಲಿಯಲ್ಲಿ ನೀರು ಬಂತೇ ಎಂಬ ವಿಚಾರಣೆ. ಗುಂಪು ಬೆಳೆದಂತೆ ಅಂತರ್ಜಾಲ ಅಂತರ್ಜಗಳವಾಯಿತು.

ಪತ್ರಗಳನ್ನು ಮೊದಲು ನೋಡಿ ಆಮೇಲೆ ಬಿಡಲು ಒಬ್ಬ ಹಿರಿಯರು ಬೇಕೆಂದು ವಾಣಿ ಹುಡುಕಿದಾಗ ಎಲ್ಲರ ಬಾಯಲ್ಲೂ ಬಂದ ಹೆಸರು ಆದಿನಾರಾಯಣಪ್ಪನವರದು. ನಾಲ್ಕು ಪವರ್‌ಲೂಮ್ ಮಗ್ಗಗಳ ಮಾಲೀಕರು. ಎದುರು ನಿಂತು ಯಾರು ಏನು ಅಂದರೂ ಮುಗುಳ್ನಕ್ಕು ತಲೆಯಾಡಿಸುವ ಅಪರೂಪದ ಸಹನಶೀಲರು. ಮಾಡರೇಟರ್ ಅಂದರೆ ರೇಟು ಮಾಡುವವನೇ ತಾನೆ, ಸೀರೆಗೆ ಮಾಡಿದ ಹಾಗೆ ಮಾತಿಗೂ ಮಾಡಿದರಾಯಿತು ಎಂದು ಒಪ್ಪಿಕೊಂಡರು.

ಮೊದಲ ಕೆಲಸವಾಗಿ ಸಭ್ಯತೆಯ ಬಗ್ಗೆ ಒಂದು ಪತ್ರ ಹೇಳಿ ಬರೆಸಿದರು. ವಾಣಿ ಶಾರ್ಟ್‌ಹ್ಯಾಂಡ್ ಕಲಿತವಳು. ಕಿವಿಗೆ ಬಿದ್ದದ್ದು ಮಿದುಳಿಗೆ ಹೋಗದೆ ನೇರವಾಗಿ ಬೆರಳಿಗೆ ಇಳಿಯುತ್ತಿತ್ತು. ಮುಗಿದ ಮೇಲೆ ಕಂಠಪಾಠ ಒಪ್ಪಿಸುವವಳ ಹಾಗೆ ಪೂರ್ತಿ ಓದಿ ಹೇಳಿದಳು. ಅವರು ತಲೆಯಾಡಿಸಿದರು. ಪತ್ರ ಹೋಯಿತು.

"ಎಲ್ಲರೂ ಪರಸ್ಪರ ಗೌರವದಿಂದ ಬರೆಯತಕ್ಕದ್ದು. ಈ ವೆಂಕಟರಾಯಪ್ಪನ ಮಾತು ಕಚ್ಚಾ ಬಣ್ಣದ ಸೀರೆ ಕಣಮ್ಮ, ಪಕ್ಕದ ಬಟ್ಟೆಗೂ ಬಳಿದುಬಿಡುತ್ತೆ. ಇದನ್ನ ಹಾಕ್ಬೇಡ."

ವೆಂಕಟರಾಯಪ್ಪ ಚಿಕ್ಕಪೇಟೆಯ ದೊಡ್ಡ ಸೀರೆ ವ್ಯಾಪಾರಿ. ಬಣ್ಣ ಬಿಡುವುದು ನನ್ನ ಮಾತಲ್ಲ, ನಿಮ್ಮೂರಿನ ನೇಯ್ಗೆ ಎಂದು ಅವರು ತಿರುಗಿ ಬರೆದರು. ಅದಕ್ಕೆ ನೇಕಾರ ಮುನಿರಾಮಯ್ಯ ಉತ್ತರಿಸಿ, ರೇಟಿನ ಹಳೇ ಸಿಟ್ಟನ್ನೂ ಸೇರಿಸಿದ. ವಾಣಿ ಒಂದೊಂದನ್ನೂ ಓದಿ ಹೇಳಿದಾಗ ಆದಿನಾರಾಯಣಪ್ಪನವರು ತಲೆಯಾಡಿಸಿದರು, ಎಲ್ಲವೂ ಹೋದವು. ಮೂರನೇ ಪತ್ರಕ್ಕೆ ಮಾತು ಸೀರೆ ಬಿಟ್ಟು ಅಪ್ಪಂದಿರ ಪಂಚೆಗೆ ಬಂತು. ಬೈಗುಳ ಕಲಿಸುವ ಕಡೆಗೆ ಮಕ್ಕಳನ್ನು ಕಳಿಸುವುದು ಹೇಗೆ ಎಂದು ತಾಯಂದಿರು ಇನ್‌ಸ್ಟಿಟ್ಯೂಟಿನಿಂದ ಮಕ್ಕಳನ್ನು ಬಿಡಿಸತೊಡಗಿದರು. ಭಾನುವಾರದೊಳಗೆ ಇದು ನಿಲ್ಲದಿದ್ದರೆ ಗುಂಪಿಗೇ ಬೀಗ ಹಾಕುತ್ತೇನೆ, ಇಲ್ಲದಿದ್ದರೆ ನನ್ನ ಬಾಗಿಲಿಗೆ ಬೀಗ ಬೀಳುತ್ತದೆ ಎಂದು ವಾಣಿ ಕಣ್ಣೀರಿಟ್ಟಳು.

ಆದಿನಾರಾಯಣಪ್ಪನವರು ಖಾರದ ಪತ್ರಗಳನ್ನೆಲ್ಲ ತಡೆಹಿಡಿಸಿದರು. ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ.

"ಇದನ್ನ ಓದಿದ್ರೆ ನಂಗೆ ತಲೆ ತಿರುಗುತ್ತಮ್ಮ," ಎಂದರು. "ಬರೆದೋರೇ ನಮ್ಮನೆಗೆ ಬಂದು ಓದ್ಲಿ. ಆಮೇಲೆ ಬಿಡಾಣ."

ಮೊದಲು ಬಂದವನು ಮುನಿರಾಮಯ್ಯ. ನಾಲ್ಕೂ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದವರಿಗೆ ಒಂದು ಲೋಟ ನೀರು ಕೇಳಬೇಕಾದರೂ ಗಂಟಲು ಹರಿಯಬೇಕು. ಅವನು ಓದಿದ. ಆದಿನಾರಾಯಣಪ್ಪನವರು ಮುಗುಳ್ನಕ್ಕರು.

"ಇನ್ನೊಂದ್ಸಲ ಓದಪ್ಪಾ. ಜೋರಾಗಿ."

ಜೋರಾಗಿ ಓದಿದ. ಎದುರುಮನೆಯ ಹೆಂಗಸರು ಬಾಗಿಲಿಗೆ ಬಂದರು. ಮತ್ತೊಮ್ಮೆ ಎಂದಾಗ, ಅವರ ಮುಂದೆ 'ಕಳ್ಳ' ಎಂದು ಕೂಗಲಾರದೆ ಆ ಪದ ಬಿಟ್ಟ. ಅದರ ಮುಂದಿನ ಸಲ 'ನಿಮ್ಮ ವಂಶ' ಬಿಟ್ಟ. ಕೊನೆಗೆ ಬೆವರೊರೆಸಿಕೊಂಡು, "ರೇಟು ಸ್ವಲ್ಪ ಕಮ್ಮಿ ಆಯ್ತು, ನೋಡಿ ಹಾಕಿ ಅಂತ ಬರೀರಿ ಸಾಕು," ಎಂದ. ಗುಂಪಿಗೆ ಹೋದದ್ದು ಅಷ್ಟೇ.

ಶನಿವಾರ ವೆಂಕಟರಾಯಪ್ಪನವರೇ ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದರು. ಅಷ್ಟರಲ್ಲಿ ಬೀದಿಗೆ ರುಚಿ ಹತ್ತಿತ್ತು, ಬಾಗಿಲಲ್ಲಿ ಜನ. ಶುರುವೇನೋ ಗತ್ತಿನಲ್ಲೇ ಆಯಿತು. ಮುನಿರಾಮಯ್ಯನ ಅಪ್ಪನ ವಿಷಯ ಬಂದ ಕೂಡಲೇ ದನಿ ಇಳಿಯಿತು.

"ಆ ಸಾಲು ಇನ್ನೊಂದ್ಸಲ ಓದಿ," ಎಂದರು ಆದಿನಾರಾಯಣಪ್ಪನವರು.

ಕಾಫಿ ತಂದ ಅವರ ಹೆಂಡತಿ ನಾಗಲಕ್ಷ್ಮಮ್ಮ ಲೋಟ ಕೊಡುತ್ತಾ ವೆಂಕಟರಾಯಪ್ಪನವರ ಕಿವಿಯ ಹತ್ತಿರ ಬಾಗಿದರು. "ನಿಮ್ ಮದುವೆ ಧಾರೆ ಸೀರೆ ನೇಯ್ದೋರು ಅವರಪ್ಪನೇ ಅಲ್ವೇನಣ್ಣ?"

ವೆಂಕಟರಾಯಪ್ಪ ಕಾಗದ ಮಡಿಸಿ ಜೇಬಿಗಿಟ್ಟರು. ಕಾಫಿ ಕುಡಿದರು. ಹೋಗುವಾಗ ಮಾತ್ರ, ನನ್ನ ಮಾತು ಬಣ್ಣ ಬಿಡುತ್ತೆ ಅಂದದ್ದು ನಿಮಗೆ ಸರಿಯೇ ಎಂದು ಕೇಳಿದರು. ಆದಿನಾರಾಯಣಪ್ಪನವರು ಎಷ್ಟು ಪ್ರೀತಿಯಿಂದ ತಲೆಯಾಡಿಸಿದರೆಂದರೆ, ಅದನ್ನು ಕ್ಷಮಾಪಣೆ ಎಂದೇ ತಿಳಿದು ವೆಂಕಟರಾಯಪ್ಪ ಕೈಮುಗಿದು ಕಾರು ಹತ್ತಿದರು.

ಭಾನುವಾರ ಬಂತು, ಬೀಗ ಬೀಳಲಿಲ್ಲ. ಬಿಟ್ಟುಹೋದ ಮಕ್ಕಳು ಒಬ್ಬೊಬ್ಬರಾಗಿ ಇನ್‌ಸ್ಟಿಟ್ಯೂಟಿಗೆ ಮರಳಿದರು. ನಿಯಮವೂ ಉಳಿಯಿತು. ದೂರದವರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ನಾಗಲಕ್ಷ್ಮಮ್ಮನವರಿಗೆ ಓದಬೇಕಿತ್ತು. ಹಿಂದೆ ಕ್ಯೂ ನಿಂತಿರುವಾಗ ಮೀಟರು ಓಡಿಸಿಕೊಂಡು ಬೈಯುವವರು ಯಾರೂ ಸಿಗಲಿಲ್ಲ. ಸದಸ್ಯರು ಇಮ್ಮಡಿಯಾದರೂ ಗುಂಪಿನಲ್ಲಿ ಹೋಗಿ-ಬನ್ನಿ ಎಂಬ ಮರ್ಯಾದೆಯ ಮಾತೇ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ತುಟಿಯ ಮೇಲೆ ಬೆರಳಿಟ್ಟೂ ಸಾಧಿಸಲಾಗದ್ದನ್ನು ಈ ಮನುಷ್ಯ ಗಲಾಟೆಯಿಂದ ಸಾಧಿಸಿದ್ದರು.

ಆ ಗುಂಪಿನ ಸದಸ್ಯನಾದ ನನಗೆ ಕುತೂಹಲ ತಡೆಯಲಿಲ್ಲ. ಒಂದು ಅಮಾವಾಸ್ಯೆ, ಮಗ್ಗಗಳಿಗೆ ರಜೆಯ ದಿನ, ಅವರ ಮನೆಗೆ ಹೋದೆ. ಬರೆಯಲು ನಾಚದವನು ಅದನ್ನೇ ಕೂಗಲು ನಾಚುತ್ತಾನೆ ಎಂಬ ಸತ್ಯ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದೆ. ಮುಗುಳ್ನಕ್ಕು ತಲೆಯಾಡಿಸಿದರು. ಮತ್ತೆ ಕೇಳಿದೆ. ಮತ್ತೆ ತಲೆಯಾಡಿಸಿದರು. ಕೊನೆಗೆ ನಾಗಲಕ್ಷ್ಮಮ್ಮನವರು ನನ್ನ ಕುರ್ಚಿಯನ್ನು ಅವರ ಎಡಕ್ಕೆ ಎಳೆದು ಹಾಕಿದರು. ಮೂರನೇ ಸಲ ಕೇಳಿದೆ.

"ಹೊಳೆಯೋದೇನ್ ಬಂತು ಸಾರ್," ಎಂದರು. "ಮಗ್ಗದ ಸದ್ದಿಗೆ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು, ಎಡಗಿವಿ ಮಾತ್ರ ಅಷ್ಟಿಷ್ಟು. ನಂಗೆ ನಿಜವಾಗ್ಲೂ ಕೇಳಿಸ್ತಿರ್ಲಿಲ್ಲ."