ನಾದಿನಿಗೆ ಕಟ್ಟಿದ ಬೆಳಕು

ಹಿತ್ತಲ ಕಲ್ಲಿನ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, ನಿಮಗೆ ಫೋನು ಬಂದಿದೆ ಎಂದು ಕೂಗಿದರು. ಆಗ ನಜರ್‌ಬಾದಿನ ನಮ್ಮ ಸಾಲಿನಲ್ಲಿ ಫೋನಿದ್ದದ್ದು ಅವರ ಮನೆಯಲ್ಲೊಂದೇ. ಕೈಯ ಸಿಪ್ಪೆ ಕೊಡವಿಕೊಂಡು ಓಡಿದೆ. ಮಾತಾಡಿದವರು ನಾದಿನಿಗೆ ಸಂಬಂಧ ನೋಡುತ್ತಿದ್ದ ದಲ್ಲಾಳಿ.

"ಫೋಟೋ ಒಪ್ಪಿಗೆ ಆಗ್ಯದೆ ಕಣಮ್ಮ. ಹುಡುಗನ ತಾಯಿ ದೇವ್ರ ಗೂಡಲ್ಲಿ ಇಟ್ಕೊಂಡವ್ರೆ. ಇವತ್ತೇ ನಾಲ್ಕು ಗಂಟೆಗೆ ಬಂದ್ಬುಡ್ತಾರೆ."

ನಾದಿನಿಗೆ ಆಗ ಇಪ್ಪತ್ತೆಂಟು. ಅವಳ ಎಡಗೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ದವಡೆಯವರೆಗೂ ಸುಟ್ಟ ಕಲೆ. ಬಂದ ಸಂಬಂಧಗಳೆಲ್ಲ ಆ ಕೆನ್ನೆ ನೋಡಿ ಎದ್ದು ಹೋಗಿದ್ದವು.

ನನ್ನ ಮಾವ ಕಪ್ಪು ಬಿಳುಪು ಸಿನಿಮಾ ಕಾಲದ ಕ್ಯಾಮೆರಾಮನ್. ಸ್ಟುಡಿಯೋದ ದೊಡ್ಡ ದೀಪಗಳಲ್ಲಿ ಆಗ ಕಾರ್ಬನ್ ಕಡ್ಡಿ ಉರಿಯುತ್ತಿತ್ತು. ಒಂದು ದಿನ ಬಾಲನಟಿ ಬರುವುದು ತಡವಾಯಿತಂತೆ. ಬೆಳಕಿನ ಅಳತೆ ನೋಡಲು ನಾಲ್ಕು ವರ್ಷದ ಮಗಳನ್ನೇ ಆ ಜಾಗದಲ್ಲಿ ನಿಲ್ಲಿಸಿದರು. ಕಡ್ಡಿಯ ಕೆಂಡ ಸಿಡಿಯಿತು. ಇದನ್ನು ನನಗೆ ಹೇಳಿದವರು ನಮ್ಮ ಅತ್ತೆ, ಅದೂ ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಮೇಲೆ. ಮಾವ ಒಂದು ದಿನವೂ ಆ ಮಾತೆತ್ತಿದವರಲ್ಲ. ಹೇಗೋ ಕಣ್ಣು ಉಳಿಯಿತು. ಅಷ್ಟು ನಂಜುಂಡೇಶ್ವರನ ದಯೆ.

ಗಂಡಿನ ಮನೆಗೆ ಹೋದ ಫೋಟೋ ಮಾವನೇ ತೆಗೆದದ್ದು. ಅದರಲ್ಲಿ ಕಲೆ ಇರಲಿಲ್ಲ. ಅಳಿಸಿರಲಿಲ್ಲ, ತಿದ್ದಿರಲಿಲ್ಲ. ಬಲಗಡೆಯಿಂದ ಬೆಳಕು ಬಿಟ್ಟು ಎಡಗೆನ್ನೆಯನ್ನು ನೆರಳಿಗೆ ಹಾಕಿ, ಲೆನ್ಸಿನ ಮುಂದೆ ತೆಳ್ಳಗಿನ ಬಲೆಬಟ್ಟೆ ಕಟ್ಟಿದ್ದರು. ನಲವತ್ತು ದಾಟಿದ ನಾಯಕಿಯರನ್ನು ಹದಿನೆಂಟಕ್ಕೆ ಇಳಿಸುತ್ತಿದ್ದುದು ಹೀಗೇ ಎಂದು ಹೆಮ್ಮೆಪಟ್ಟಿದ್ದರು. ಕಲೆಯ ವಿಷಯ ಮೊದಲೇ ತಿಳಿಸಿಬಿಡೋಣ ಎಂದು ನಮ್ಮ ಯಜಮಾನರು ಅಂದದ್ದಕ್ಕೆ ಮಾವ ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ.

"ಹೆಣ್ಣು ನೋಡೋದು ಅರ್ಧ ಗಂಟೆ. ಆ ಅರ್ಧ ಗಂಟೆ ನಾನು ನೋಡ್ಕೋತೀನಿ. ತಾಳಿ ಬಿದ್ಮೇಲೆ ಗೊತ್ತಾದ್ರೆ ಆಗ್ಲಿ ಬುಡು."

ಅಂದು ಯಜಮಾನರು ಮೇಟಗಳ್ಳಿಯ ಕಾರ್ಖಾನೆಗೆ ಹೋಗಿದ್ದರು. ಸುದ್ದಿ ಕೇಳಿದ್ದೇ ತಡ, ಮಾವ ಪಂಚೆ ಎತ್ತಿ ಕಟ್ಟಿ ಹಜಾರವನ್ನೇ ಸ್ಟುಡಿಯೋ ಮಾಡಿದರು. ಬೆಳಕು ಮೆತ್ತಗಾಗಲೆಂದು ಬಲಗಡೆಯ ಕಿಟಕಿಗೆ ಬೆಣ್ಣೆಕಾಗದ ಅಂಟಿಸಿದರು. ಎಡಗಡೆ ಕರಿ ಕಂಬಳಿ ಇಳಿಬಿಟ್ಟರು, ಆ ಕಡೆಯಿಂದ ಒಂದೆಳೆ ಬೆಳಕೂ ಕೆನ್ನೆಗೆ ತಾಗಬಾರದೆಂದು. ನಡುವೆ ಕುರ್ಚಿ ಇಟ್ಟು ಅದರ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನಟರು ನಿಲ್ಲುವ ಜಾಗಕ್ಕೆ ಸ್ಟುಡಿಯೋದಲ್ಲಿ ಹಾಗೆ ಮಾರ್ಕು ಹಾಕುವುದಂತೆ. ಅಳತೆ ನೋಡಲು ನನ್ನನ್ನು ಕೂರಿಸಿದರು.

"ಒಲೆ ಮೇಲೆ ಸಜ್ಜಿಗೆ ಇದೆ ಮಾವ. ಅವಳನ್ನೇ ಕೂರಿಸಿ."

"ಅವಳ ಮುಖ ಬೆವರ್ತದೆ. ನೀನು ಸಾಕು. ಗೋಡೆ ಆದ್ರೂ ನಡೀತಿತ್ತು."

ಬೆಳಕು ನೆರಳಿನ ಹದ ನೋಡುವ ಕಪ್ಪುಗಾಜನ್ನು ಒಂದು ಕಣ್ಣಿಗೆ ಹಿಡಿದು ನೋಡಿದರು. ನಂತರ ಮಗಳನ್ನು ಕರೆದು, ಗದ್ದ ಎಷ್ಟು ಎತ್ತಬೇಕು, ಯಾವ ಕಡೆ ತಿರುಗಬಾರದು ಎಂದು ಹೇಳಿಕೊಟ್ಟರು. ಅವಳು ವಿಭೂತಿ ಇಟ್ಟುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಎಲ್ಲಕ್ಕೂ "ಆಯ್ತಪ್ಪ" ಅಂದಳು. ಇದೊಂದು ಕೂಡಿಬರಲಿ ಎಂದು ನಾನು ಬೆಳಿಗ್ಗೆಯ ಪೂಜೆಗಿಂತ ಗಟ್ಟಿಯಾಗಿ ಬೇಡಿಕೊಂಡೆ.

ಬಂದವರು ಇಬ್ಬರೇ, ತಾಯಿ ಮತ್ತು ಮಗ. ಮಾವ ಅವರನ್ನು ತಾವು ಇಟ್ಟ ಕುರ್ಚಿಗಳಲ್ಲೇ ಕೂರಿಸಿದರು. ನಾದಿನಿ ಬಂದು ಮಾರ್ಕಿನಲ್ಲಿ ಕೂತಾಗ ನನಗೇ ಗುರುತು ಸಿಗಲಿಲ್ಲ, ಅಷ್ಟು ಚೆಲುವಾಗಿದ್ದಳು. ಹುಡುಗ ತಟ್ಟೆ ಹಿಡಿದುಕೊಂಡು ತಿನ್ನುವುದನ್ನು ಮರೆತ. ಮಾವ ಕಂಬಳಿಯ ಪಕ್ಕ ಕೈಕಟ್ಟಿ ನಿಂತಿದ್ದರು.

ಸ್ಟುಡಿಯೋದಲ್ಲಿ ಕ್ಯಾಮೆರಾಮನ್ ಹೇಳದೆ ಯಾರೂ ಜಾಗ ಬಿಟ್ಟು ಏಳುವಂತಿರಲಿಲ್ಲ. ಮಾವನಿಗೆ ಅದೊಂದೇ ಗೊತ್ತಿದ್ದದ್ದು. ಹೆಣ್ಣು ನೋಡಲು ಬಂದ ತಾಯಂದಿರ ವಿದ್ಯೆ ಬೇರೆ.

"ಕೈ ಅಂಟಂಟು ಕಣವ್ವ. ಬಾ, ಒಂದು ಚೊಂಬು ನೀರು ಹುಯ್ಯಿ" ಎಂದು ನಾದಿನಿಯನ್ನು ಕರೆಯುತ್ತಾ ಹುಡುಗನ ತಾಯಿ ಎದ್ದರು. ಹುಡುಗಿಯ ನಡಿಗೆ, ಬಗ್ಗುವ ರೀತಿ ನೋಡಲು ಎಲ್ಲರೂ ಮಾಡುವುದೇ ಇದು.

"ನೀರು ಇಲ್ಲಿಗೇ ತರಿಸ್ತೀನಿ, ಕೂತ್ಕೊಳ್ಳಿ" ಅಂದರು ಮಾವ.

"ಬುಡಿ ಯಜಮಾನ್ರೇ, ನಂಗೇನು ಕಾಲಿಲ್ವಾ?"

ನಾದಿನಿ ಅಪ್ಪನ ಮುಖ ನೋಡಿದಳು. ಹಿರಿಯರು ಕೇಳಿದ ನೀರಿಗೆ ಇಲ್ಲ ಎನ್ನಲಾದೀತೆ? ಎದ್ದಳು. ನಮ್ಮ ಹಿತ್ತಲು ಪಡುವಣಕ್ಕೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಚೊಂಬು ಬಗ್ಗಿಸಿದಳು. ಆಕೆ ಕೈ ತೊಳೆಯುವುದನ್ನು ನಿಲ್ಲಿಸಿ ಮುಖ ನೋಡಿದರು. ಆಮೇಲೆ ಒದ್ದೆ ಹೆಬ್ಬೆರಳಿನಿಂದ ಆ ಕೆನ್ನೆಯನ್ನು, ಪಾತ್ರೆಗೆ ಹತ್ತಿದ ಮಸಿ ತೆಗೆಯುವಂತೆ ಉಜ್ಜಿದರು. ನಾದಿನಿ ಕದಲಲಿಲ್ಲ. ನೀರು ಮಾತ್ರ ಸುರಿಯುತ್ತಲೇ ಇತ್ತು.

ಒಳಗೆ ಬಂದು ಆಕೆ ಕೂರಲಿಲ್ಲ. ಮಗನಿಗೆ, "ಏಳೋ, ಆಟ ಮುಗೀತು" ಅಂದರು. ಮಾವನ ಕಡೆ ತಿರುಗಿ, "ಹೆಣ್ಣು ತೋರ್ಸಿ ಅಂದ್ರೆ ಸಿನಿಮಾ ತೋರಿಸಿದ್ರಲ್ಲ ಸ್ವಾಮಿ. ಟಿಕೀಟು ಎಷ್ಟು?" ಎಂದರು.

ಹುಡುಗ ತಲೆ ಎತ್ತದೆ ಅಮ್ಮನ ಹಿಂದೆ ಹೋದ. ಅವನೂ ಒಂದು ಮಾತು ಸೇರಿಸಬಹುದಿತ್ತು, ಸೇರಿಸಲಿಲ್ಲ. ಇದನ್ನೂ ನಾನು ದಯೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.

ಗೇಟು ಮುಚ್ಚಿದ ಸದ್ದಾಯಿತು. ಮಾವ ಮಗಳಿಗೆ ಒಂದು ಸಮಾಧಾನದ ಮಾತು ಹೇಳುತ್ತಾರೆಂದು ಕಾದೆ.

"ಮಾರ್ಕು ಬಿಟ್ಟು ಯಾಕೆ ಎದ್ದೆ?" ಎಂದರು. "ಎಂತೆಂಥ ನಟಿಯರು, ನಾನು ಕೂರು ಅಂದ್ರೆ ಕೂರೋರು. ಒಬ್ಬಳೂ ನನ್ನ ಬೆಳಕು ಕೆಡಿಸಿರ್ಲಿಲ್ಲ."

ನಾದಿನಿ ಕೆನ್ನೆಯ ನೀರು ಒರೆಸಿಕೊಂಡಿರಲಿಲ್ಲ. "ಅವ್ರು ಶೂಟಿಂಗ್ ಮುಗಿದ್ಮೇಲೆ ಮನೆಗೆ ಹೋಗೋರು ಅಪ್ಪ. ನಾನು ಎಲ್ಲಿಗೆ ಹೋಗ್ಲಿ?"

ಮಾವ ಕಿಟಕಿಯ ಕಾಗದ ಕೀಳತೊಡಗಿದರು.

"ನಾಳೆ ಪೇಟೆಗೆ ಹೋಗಿ ಬೇರೆ ಫೋಟೋ ತೆಗೆಸ್ಕೋತೀನಿ" ಅಂದಳು. "ಈ ಕೆನ್ನೆ ಮುಂದೆ ಮಾಡ್ಕೊಂಡು."

"ಆ ಅಂಗಡಿ ಬೆಳಕಲ್ಲಾ? ಅದ್ರಲ್ಲಿ ಪೊಲೀಸ್ನೋರು ಕಳ್ಳರ ಫೋಟೋ ತೆಗೀತಾರೆ. ಅದನ್ನ ನೋಡಿದ್ರೆ ಒಬ್ಬನೂ ಈ ಬಾಗಿಲಿಗೆ ಬರಲ್ಲ."

"ಬರದಿದ್ರೆ ಬೇಡ. ಬಂದೋರು ಉಜ್ಜಿ ನೋಡಲ್ವಲ್ಲ."

ಮಾವ ತಿರುಗಿ ಅವಳನ್ನು ನೋಡಿದರು. ಇಪ್ಪತ್ತನಾಲ್ಕು ವರ್ಷದಿಂದ ಎತ್ತದ ಆ ಮಾತು ಈಗಲಾದರೂ ಬಾಯಿಗೆ ಬರಬಹುದು ಅಂದುಕೊಂಡೆ. ಅವರು ನೋಡಿದ್ದು ಕೆನ್ನೆಯನ್ನೇ. ಆದರೆ ಆ ನೋಟ, ಬೆಳಕು ಎಲ್ಲಿ ಜಾರಿತು ಎಂದು ಹುಡುಕುವವರದು. ನಾದಿನಿಗೂ ಅದು ತಿಳಿಯಿತು. ಕೋಣೆಗೆ ಹೋಗಿ ಸೀರೆ ಬದಲಾಯಿಸಿಕೊಂಡಳು.

ಅವಳು ಅಳಲಿಲ್ಲ, ಶಿವನೇ, ಅಷ್ಟು ಸಾಕು ಅಂದುಕೊಂಡೆ. ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು ಹಂಡೆ ತುಂಬಿಸಲು ಹೋದೆ.